ಹೊರಟ ಪದದ ಹಿಂದೆ ಉಳಿದ ಅಂಟು

1879ರಲ್ಲಿ ಲಂಡನ್ ಹೊರವಲಯದ ಮಿಲ್ ಹಿಲ್ ಎಂಬಲ್ಲಿ ಶಾಲಾ ಮೇಷ್ಟರೊಬ್ಬರ ಮನೆಗೆ ಗೋಣಿಚೀಲಗಳು ಬಂದು ಬೀಳತೊಡಗಿದವು. ಒಂದಲ್ಲ ಎರಡಲ್ಲ, ಒಟ್ಟು ತೂಕ ಸುಮಾರು ಎರಡು ಟನ್. ಚೀಲದ ಬಾಯಿ ಬಿಚ್ಚಿದರೆ ಒಳಗೆಲ್ಲ ಅಂಗೈಯಗಲದ ಕಾಗದದ ಚೀಟಿಗಳು. ಒಂದು ಚೀಲದಲ್ಲಿ ಸತ್ತ ಹೆಗ್ಗಣ ಸಿಕ್ಕಿತು. ಇನ್ನೊಂದರಲ್ಲಿ ಇಲಿಯೊಂದು ಚೀಟಿಗಳನ್ನೇ ಹರಿದು ಗೂಡು ಮಾಡಿಕೊಂಡು ಮರಿಗಳೊಂದಿಗೆ ಸುಖವಾಗಿ ಮಲಗಿತ್ತು. 'ಪ' ಅಕ್ಷರದ ಒಂದು ಭಾಗ ಐರ್ಲೆಂಡಿನ ಕುದುರೆ ಲಾಯದಲ್ಲಿ ಪತ್ತೆಯಾಗುವ ಹೊತ್ತಿಗೆ, ಅದರ ಬಹುಪಾಲು ಒಲೆ ಹೊತ್ತಿಸಲು ಬಳಕೆಯಾಗಿ ಹೋಗಿತ್ತು. ಮೇಷ್ಟರ ಹೆಸರು ಜೇಮ್ಸ್ ಮರೆ. ಸ್ಕಾಟ್ಲೆಂಡಿನ ದರ್ಜಿಯ ಮಗ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಭಾಷೆಗಳನ್ನು ಸ್ವಂತವಾಗಿ ಕಲಿತವರು. ಆ ರಾಶಿಯಿಂದ ಇಂಗ್ಲಿಷಿನ ಸಮಗ್ರ ನಿಘಂಟನ್ನು ಹತ್ತು ವರ್ಷದೊಳಗೆ ಹೊರತರುವುದಾಗಿ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಒಪ್ಪಿಕೊಂಡಿದ್ದರು.

ಆ ರಾಶಿಯ ಆಳದಲ್ಲೆಲ್ಲೋ ಒಂದು ಪುಟ್ಟ ಪದವೂ ಅಡಗಿತ್ತು: 'ಲೀವ್'. ಪಂಡಿತರನ್ನು ಬೆಚ್ಚಿಸುವ ಪದ ಅದಲ್ಲ. ಮನೆ ಬಾಗಿಲಲ್ಲಿ, ರೈಲು ನಿಲ್ದಾಣದಲ್ಲಿ, ಕಚೇರಿಯಲ್ಲಿ ದಿನಕ್ಕೆ ನೂರು ಸಲ ಬಾಯಿಗೆ ಬರುವಂಥದ್ದು. ಆದರೆ ಅದರ ನಡತೆ ಮಾತ್ರ ವಿಚಿತ್ರವಾಗಿತ್ತು. ಪ್ರಯಾಣಿಕ ಊರಿನಿಂದ ಹೊರಟರೆ ಲೀವ್. ಅವನು ಕೊಡೆಯನ್ನು ರೈಲಿನಲ್ಲೇ ಮರೆತು ಇಳಿದರೆ ಅದೂ ಲೀವ್. ಸತ್ತವನು ಮಕ್ಕಳಿಗೆ ಆಸ್ತಿ ಬಿಟ್ಟುಹೋದರೂ ಲೀವ್. ಹತ್ತರಲ್ಲಿ ಏಳು ಕಳೆದ ಮೇಲೆ ಉಳಿಯುವ ಮೂರಕ್ಕೆ ಅದೇ ಕ್ರಿಯಾಪದದ 'ಲೆಫ್ಟ್' ರೂಪ. ಸಾಲದ್ದಕ್ಕೆ ಗುಮಾಸ್ತ ಮೇಲಧಿಕಾರಿಯ ಮುಂದೆ ನಿಂತು ಬೇಡುವ ರಜೆಯೂ ಲೀವ್. ಹೋಗುವುದಕ್ಕೂ ಉಳಿಯುವುದಕ್ಕೂ ಒಂದೇ ಪದ ಹೇಗೆ ಒದಗಿತು? ಅನುಮತಿ ಎಂಬ ಅರ್ಥ ಅದರ ಮೈಗೆ ಎಲ್ಲಿಂದ ಅಂಟಿತು?

ಇಂಥ ಪ್ರಶ್ನೆಗೆ ಉತ್ತರ ಚೀಟಿಗಳಲ್ಲೇ ಇರಬೇಕಿತ್ತು. ಹಳೆಯ ಪುಸ್ತಕಗಳನ್ನು ಓದಿ, ಪ್ರತಿ ಪದಕ್ಕೂ ಒಂದು ಚೀಟಿಯಲ್ಲಿ ಪದ, ವರ್ಷ, ಪುಸ್ತಕದ ಹೆಸರು, ಪೂರ್ತಿ ವಾಕ್ಯ ಬರೆದು ಕಳಿಸುವಂತೆ ನೂರಾರು ಸ್ವಯಂಸೇವಕರಿಗೆ ಕೆಲಸ ಹಂಚಲಾಗಿತ್ತು. ಮರೆ ಶಾಲೆಯ ಆವರಣದಲ್ಲಿ ಕಬ್ಬಿಣದ ತಗಡಿನ ಶೆಡ್ಡು ಕಟ್ಟಿಸಿ, ಗೋಡೆ ತುಂಬ 1029 ಗೂಡುಗಳನ್ನು ಮಾಡಿಸಿದರು. ಅವರ ಸ್ವಂತ ಮಕ್ಕಳೇ ಕಾಸಿನ ಆಸೆಗೆ ಕೂತು ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದರು. ಜೋಡಿಸಿ ಮುಗಿದಾಗ ಮರೆಯವರ ಎದೆ ಧಸಕ್ಕೆಂದಿತು. ಸ್ವಯಂಸೇವಕರೆಲ್ಲ ಅಪರೂಪದ ಪದಗಳ ಬೆನ್ನು ಹತ್ತಿದ್ದರು. ಯಾರೂ ಬಳಸದ 'ಅಬ್ಯೂಷನ್' ಎಂಬ ಪದಕ್ಕೆ ಸುಮಾರು ಐವತ್ತು ಚೀಟಿಗಳಿದ್ದವು. ಎಲ್ಲರೂ ಬಳಸುವ 'ಅಬ್ಯೂಸ್'ಗೆ ಐದೂ ಇರಲಿಲ್ಲ. ಕಣ್ಣಮುಂದೆಯೇ ಓಡಾಡುವ ಪದಗಳನ್ನು ಯಾರೂ ಕಂಡೇ ಇರಲಿಲ್ಲ. ಸಾಮಾನ್ಯ ಪದಗಳನ್ನೂ ದಯವಿಟ್ಟು ಗಮನಿಸಿ ಎಂದು ಮರೆ ಹೊಸದಾಗಿ ಮನವಿ ಅಚ್ಚು ಹಾಕಿಸಿದರು. ಕೆಲಸ ಮತ್ತೆ ಮೊದಲಿಂದ ಶುರುವಾಯಿತು.

ಐದು ವರ್ಷ ಕಳೆದವು. 1884ರ ಆರಂಭದಲ್ಲಿ ನಿಘಂಟಿನ ಮೊದಲ ಸಂಚಿಕೆ ಹೊರಬಿತ್ತು. 352 ಪುಟ ತಿರುಗಿಸಿದರೂ ಪದಗಳು 'ಎ' ಅಕ್ಷರವನ್ನೇ ದಾಟಿರಲಿಲ್ಲ. ಹತ್ತು ವರ್ಷದ ಮಾತು ಕನಸೆಂದು ಆಗಲೇ ಗೊತ್ತಾಗಿಹೋಯಿತು.

ಅದೇ ದಿನಗಳಲ್ಲಿ ಶೆಫೀಲ್ಡ್ ನಗರದಿಂದ ಒಂದು ಕುಟುಂಬ ಲಂಡನ್ನಿಗೆ ಬಂದಿಳಿದಿತ್ತು. ಯಜಮಾನ ಹೆನ್ರಿ ಬ್ರಾಡ್ಲಿ, ವಯಸ್ಸು ಮೂವತ್ತೆಂಟು. ಚಾಕು-ಚೂರಿ ತಯಾರಿಸುವ ಕಂಪನಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ್ದವರು. ಪದವಿ ಇರಲಿಲ್ಲ, ಹೆಸರೂ ಇರಲಿಲ್ಲ. ಆದರೆ ಎಳವೆಯಿಂದಲೇ ಅಕ್ಷರದ ಹಸಿವು ಹತ್ತಿತ್ತು. ಮನೆಯ ಪ್ರಾರ್ಥನೆಯ ಹೊತ್ತಿನಲ್ಲಿ ತಂದೆಯ ತೊಡೆಯ ಮೇಲೆ ಬೈಬಲ್ ತೆರೆದಿರುತ್ತಿತ್ತು. ಎದುರು ಕೂತ ಮಗು ಅದನ್ನು ತಲೆಕೆಳಗಾಗಿ ನೋಡುತ್ತ ನೋಡುತ್ತ, ತಲೆಕೆಳಗಾಗಿಯೇ ಓದುವುದನ್ನು ಮೊದಲು ಕಲಿತಿತ್ತು ಎಂಬ ಮಾತು ಅವರ ಬಗ್ಗೆ ಉಳಿದಿದೆ. ಹದಿಹರೆಯದ ಟಿಪ್ಪಣಿ ಪುಸ್ತಕಗಳಲ್ಲಿ ಹೀಬ್ರೂ ಪದಗಳ ಪಟ್ಟಿ ತುಂಬಿತ್ತು. ಆಮೇಲೆ ಗ್ರೀಕು, ಲ್ಯಾಟಿನ್, ಯೂರೋಪಿನ ಇನ್ನೆಷ್ಟೋ ಭಾಷೆಗಳು ಗುಮಾಸ್ತಿಕೆಯ ಬಿಡುವಿನಲ್ಲೇ ಕೈವಶವಾದವು.

ಲಂಡನ್ನಿನ ಮನೆಗೆ ಸಾಮಾನು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ 'ಅಕಾಡೆಮಿ' ಪತ್ರಿಕೆ ಹೊಸ ನಿಘಂಟಿನ ಸಂಚಿಕೆಯನ್ನು ವಿಮರ್ಶೆಗೆಂದು ಈ ಅಪರಿಚಿತನ ಕೈಗಿಟ್ಟಿತು. ಚಹಾಪುಡಿಯ ಖಾಲಿ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಬ್ರಾಡ್ಲಿ ಬರೆಯಲು ಕೂತರು. ಬರೆದದ್ದು ಎರಡು ಕಂತುಗಳಲ್ಲಿ ಅಚ್ಚಾಯಿತು. ಹೊಗಳಿಕೆ ಧಾರಾಳವಾಗಿತ್ತು. ಜೊತೆಗೆ ಪದಗಳ ಮೂಲದ ವಿಚಾರದಲ್ಲಿ ಎಲ್ಲೆಲ್ಲಿ ಕಾಲು ಜಾರಿದೆ ಎಂಬುದನ್ನು ಒಂದೊಂದಾಗಿ, ಸಿಟ್ಟಿಲ್ಲದೆ, ಆಧಾರ ಸಮೇತ ತೋರಿಸಲಾಗಿತ್ತು. ಓದಿದ ಮರೆ ಬೆರಗಾದರು. ತಪ್ಪು ತೋರಿಸಿದವನನ್ನು ದೂರ ಇಡುವ ಬದಲು ಅವನಿಗೇ ಪತ್ರ ಬರೆದು ನೆರವು ಕೇಳಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಗುಮಾಸ್ತರು ನಿಘಂಟಿನ ಎರಡನೆಯ ಸಂಪಾದಕರಾದರು. ಅವರ ಪಾಲಿಗೆ ಬಂದ ಅಕ್ಷರಗಳಲ್ಲಿ 'ಎಲ್' ಕೂಡ ಒಂದು. 'ಲೀವ್' ಹೀಗೆ ಬ್ರಾಡ್ಲಿಯವರ ಮೇಜಿನ ದಾರಿ ಹಿಡಿಯಿತು.

ಮೇಜು ತಲುಪಲು ಮಾತ್ರ ಅದಕ್ಕೆ ಬಹಳ ಕಾಲ ಹಿಡಿಯಿತು. ನಿಘಂಟಿನ ಕೆಲಸ ಬಸವನ ಹುಳುವಿನಂತೆ ತೆವಳುತ್ತಿತ್ತು. 1885ರಲ್ಲಿ ಮರೆ ಆಕ್ಸ್‌ಫರ್ಡಿಗೆ ಬಂದು ಮನೆಯ ಹಿತ್ತಲಲ್ಲಿ ಹೊಸ ಶೆಡ್ಡು ಕಟ್ಟಿಸಿದರು. ನೆರೆಮನೆಯವರ ನೋಟಕ್ಕೆ ಅಡ್ಡವಾಗದಿರಲೆಂದು ಅದನ್ನು ಮೂರು ಅಡಿ ನೆಲದೊಳಕ್ಕೆ ಇಳಿಸಬೇಕಾಯಿತು. ಒಳಗೆ ಥಂಡಿ ಎಲುಬಿಗಿಳಿಯುತ್ತಿತ್ತು. ಮರೆ ದಪ್ಪ ಕೋಟು ತೊಟ್ಟು, ನೆಲದ ಗಾಳಿ ತಾಗದಂತೆ ಪಾದಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟುಕೊಂಡು ಬರೆಯುತ್ತಿದ್ದರು. ಬ್ರಾಡ್ಲಿ 'ಇ', 'ಎಫ್', 'ಜಿ' ಅಕ್ಷರಗಳನ್ನು ಮುಗಿಸುವಾಗ 1900 ಬಂದಿತ್ತು. ಆಮೇಲಷ್ಟೇ 'ಎಲ್' ಗೂಡಿಗೆ ಕೈ ಹೋಯಿತು.

ಗೂಡಿನಿಂದ 'ಲೀವ್' ಚೀಟಿಗಳು ಹೊರಬಂದಾಗ ಎದುರಿಗೆ ಸೊಗಸಾದ ಬಲೆಯೊಂದು ಹರಡಿತ್ತು. ಗ್ರೀಕಿನಲ್ಲಿ 'ಲೈಪೋ' ಎಂಬ ಕ್ರಿಯಾಪದವಿದೆ. ಅರ್ಥ 'ಬಿಡುತ್ತೇನೆ, ತೊರೆಯುತ್ತೇನೆ'. ಲೈಪೋ, ಲೀವ್: ಕಿವಿಗೂ ಒಂದೇ, ಅರ್ಥಕ್ಕೂ ಒಂದೇ. ಮೇಲ್ನೋಟಕ್ಕೆ ಯಾರೇ ಆದರೂ ಅಕ್ಕ-ತಂಗಿ ಎಂದುಬಿಡಬಹುದಾದ ಜೋಡಿ. ಅಷ್ಟೇ ಅಲ್ಲ, ನಿಯಮವೂ ಅದರ ಪರವಾಗಿ ಸಾಕ್ಷಿ ನುಡಿಯುವಂತಿತ್ತು.

ಆ ನಿಯಮದ ಕತೆ ಕೋಲ್ಕತ್ತಾದಲ್ಲಿ ಬೇರು ಬಿಟ್ಟಿತ್ತು. ಅಲ್ಲಿನ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ, ಸಂಸ್ಕೃತ, ಗ್ರೀಕು, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಸಾರಿದ್ದರು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್, ಜಾನಪದ ಕತೆಗಳ ಸಂಗ್ರಹಕ್ಕೆ ಹೆಸರಾದ ಸೋದರರಲ್ಲಿ ಹಿರಿಯರು, ಆ ಭಾಷೆಗಳ ವ್ಯಂಜನಗಳು ಇಂಗ್ಲಿಷ್-ಜರ್ಮನ್ ಕುಟುಂಬದಲ್ಲಿ ಗೊತ್ತಾದ ರೀತಿಯಲ್ಲೇ ಬದಲಾಗಿವೆ ಎಂದು ಸಾಲುಸಾಲು ಉದಾಹರಣೆ ಇಟ್ಟರು. ಸಂಸ್ಕೃತದ 'ಪಿತೃ' ಇಂಗ್ಲಿಷಿನಲ್ಲಿ 'ಫಾದರ್', 'ಪಾದ' ಅಲ್ಲಿ 'ಫುಟ್', 'ತ್ರಿ' ಅಲ್ಲಿ 'ಥ್ರೀ'. ಹಳೆಯ ಪಕಾರ ಇಂಗ್ಲಿಷಿನಲ್ಲಿ ಫಕಾರ, ನಡುವೆ ಬಂದಾಗ ಮೆತ್ತಗಾಗಿ ವಕಾರ. ಹಾಗಿದ್ದರೆ ಲೈಪೋದ 'ಪ' ಲೀವ್‌ನಲ್ಲಿ 'ವ' ಆಗುವುದಕ್ಕೆ ಅಡ್ಡಿ ಏನು?

ಅಡ್ಡಿ ಬಂದದ್ದು ಲ್ಯಾಟಿನ್‌ನಿಂದ. ಅಲ್ಲಿ ಅದೇ ಅರ್ಥದ, ಅದೇ ಮೂಲದ ಪದ 'ಲಿಂಕ್ವೋ'. ಅದರಲ್ಲಿ ಪಕಾರದ ಸುಳಿವೇ ಇಲ್ಲ, ಇರುವುದು 'ಕ್ವ'. ಸಂಸ್ಕೃತದಲ್ಲಿ ಆ ಕುಟುಂಬದ ಧಾತು 'ರಿಚ್'. ರಿಣಕ್ತಿ ಎಂದರೆ ಬರಿದು ಮಾಡುತ್ತಾನೆ, ಬಿಡುತ್ತಾನೆ. ಬರಿದಾದದ್ದು 'ರಿಕ್ತ'. ಅಲ್ಲೂ ಇರುವುದು ಕಕಾರ-ಚಕಾರಗಳೇ. ಗ್ರೀಕಿನ ಪಕಾರ ಎಲ್ಲ ಕಡೆಯೂ ಹುಟ್ಟಾ ಪಕಾರವಲ್ಲ, ಎಷ್ಟೋ ಕಡೆ ಅದು ಪ್ರಾಚೀನ 'ಕ್ವ'ದ ವೇಷ ಎಂಬುದು ಆಗಲೇ ವಿದ್ವಾಂಸರಿಗೆ ಗೊತ್ತಾಗಿತ್ತು. 'ಇಬ್ಬರಲ್ಲಿ ಯಾರು' ಎನ್ನಲು ಸಂಸ್ಕೃತದಲ್ಲಿ 'ಕತರ', ಗ್ರೀಕಿನಲ್ಲಿ 'ಪೊತೆರೊಸ್', ಇಂಗ್ಲಿಷಿನಲ್ಲಿ ಅದರ ಸೋದರ 'ವೆದರ್', ಹಿಂದೆ ಹಕಾರ ಬೆರೆಸಿ 'ಹ್ವೆದರ್' ಎಂದೇ ಉಚ್ಚರಿಸುತ್ತಿದ್ದ ಪದ. ಅಂದರೆ ಗ್ರೀಕಿನ ಈ ಬಗೆಯ 'ಪ'ಕ್ಕೆ ಇಂಗ್ಲಿಷ್ ಬಳಗದಲ್ಲಿ ಜೋಡಿ 'ಹ್ವ'. ಲೈಪೋದ ನಿಜವಾದ ಬಂಧು ಹಕಾರದ ಜಾಡಿನಲ್ಲಿ ಸಿಗಬೇಕಿತ್ತು. ಸಿಕ್ಕಿತು ಕೂಡ. ಗಾಥಿಕ್ ಭಾಷೆಯ 'ಲೀಹ್ವನ್', ಜರ್ಮನ್ನಿನ 'ಲೈಹೆನ್', ಎರಡರ ಅರ್ಥವೂ ಸಾಲ ಕೊಡು. ಅದೇ ಮನೆತನದ ಕೂಸು ಇಂಗ್ಲಿಷಿನ 'ಲೋನ್'. ಒಬ್ಬನ ಕೈಯಿಂದ ಬಿಟ್ಟು ಇನ್ನೊಬ್ಬನ ಕೈ ಸೇರುವ ಹಣಕ್ಕೆ ಆ ಹೆಸರು ಸಲ್ಲುವಂಥದ್ದೇ. ಬ್ಯಾಂಕಿನ ಸಾಲ ಪ್ರಾಣಾಯಾಮದ ರೇಚಕಕ್ಕೆ, ಆಯುರ್ವೇದದ ವಿರೇಚನಕ್ಕೆ ದೂರದ ನೆಂಟ ಎಂದಾಯಿತು. ಆದರೆ 'ಲೀವ್' ಅನಾಥವಾಗಿ ಬೀದಿಗೆ ಬಿತ್ತು. ಕಣ್ಣು, ಕಿವಿ, ಅರ್ಥ ಮೂರೂ ಕೈಜೋಡಿಸಿ ಹೇಳಿದ ಸಾಕ್ಷ್ಯ ಸುಳ್ಳೆಂದು ಸಾಬೀತಾಗಿತ್ತು.

ಇನ್ನೊಂದು ಜಾಡಿತ್ತು. ಹಳೆಯ ಇಂಗ್ಲಿಷಿನಲ್ಲಿ ಲೀವ್‌ನ ರೂಪ 'ಲ್ಯಾಫನ್'. ಅದಕ್ಕೆ ಜರ್ಮನ್ ಬಳಗದಲ್ಲಿ ತೀರಾ ಹತ್ತಿರದ ನೆಂಟ 'ಬ್ಲೈಬೆನ್'. ಆದರೆ ಬ್ಲೈಬೆನ್ ಎಂದರೆ ಹೋಗು ಎಂದಲ್ಲ, ಇರು, ಉಳಿದುಕೋ! ಅರ್ಥ ತಿರುಗುಮುರುಗು ಆಗಿದ್ದು ಒಂದು ತೊಡಕು. ಇನ್ನೊಂದು ತೊಡಕು ಅದರ ನಡುವಿನ 'ಬ'. ಮೂಲದಲ್ಲಿ ಪಕಾರವಿದ್ದ ಪಕ್ಷದಲ್ಲಿ ಗ್ರಿಮ್ ನಿಯಮದಂತೆ ಫಕಾರ ಬರಬೇಕಿತ್ತು. ಇಂಥ ಹಠಮಾರಿ ಪದಗಳು ಒಂದೆರಡಲ್ಲ, ಹಿಂಡುಗಟ್ಟಲೆ ಇದ್ದವು. ಅರ್ಧ ಶತಮಾನ ಕಾಲ ಅವುಗಳನ್ನು ಅಪವಾದ ಎಂದು ಪಕ್ಕಕ್ಕೆ ಸರಿಸುವುದೇ ಪಂಡಿತರ ಪರಿಪಾಠವಾಗಿತ್ತು.

ಬೀಗ ತೆರೆದದ್ದು ಒಂದು ಮಧ್ಯಾಹ್ನದ ನಿದ್ದೆ. 1870ರ ದಶಕದ ನಡುವಿನ ಮಾತು. ಡೆನ್ಮಾರ್ಕಿನ ಆರ್‌ಹುಸ್ ಪಟ್ಟಣದ ಕಾರ್ಲ್ ವೆರ್ನರ್ ಎಂಬ ತರುಣನಿಗೆ ಅಂದು ಮೈ ಸರಿಯಿರಲಿಲ್ಲ. ಸ್ವಲ್ಪ ಕಣ್ಣು ಮುಚ್ಚೋಣವೆಂದು ಒರಗಿಕೊಂಡ. ನಿದ್ದೆ ಬೇಗ ಹತ್ತಲೆಂದು ಕೈಗೆ ಸಿಕ್ಕ ದಪ್ಪ ಪುಸ್ತಕ ಎಳೆದುಕೊಂಡ. ಅದು ಫ್ರಾಂಟ್ಸ್ ಬೊಪ್ ಬರೆದ ತೌಲನಿಕ ವ್ಯಾಕರಣ. ತೆರೆದ ಪುಟದಲ್ಲಿ ಎರಡು ಸಂಸ್ಕೃತ ಪದಗಳು ಎದ್ದು ಕಂಡವು: ಪಿತೃ, ಭ್ರಾತೃ. ಎರಡರಲ್ಲೂ ಇರುವುದು ಅದೇ ತಕಾರ. ಆದರೆ ಜರ್ಮನ್ನಿನಲ್ಲಿ ಮೊದಲನೆಯದು 'ಫಾಟರ್', ಎರಡನೆಯದು 'ಬ್ರೂಡರ್'. ಒಂದೇ ತಕಾರ ಎರಡು ದಾರಿ ಹಿಡಿದದ್ದೇಕೆ? ಅವನ ಕಣ್ಣು ಆ ಪದಗಳ ಮೇಲಿದ್ದ ಪುಟ್ಟ ಗೀಟುಗಳ ಮೇಲೆ ನಿಂತಿತು. ಅವು ವೇದದ ಸ್ವರಚಿಹ್ನೆಗಳು, ಯಾವ ಅಕ್ಷರವನ್ನು ಎತ್ತಿ ನುಡಿಯಬೇಕೆಂದು ತೋರುವಂಥವು. 'ಭ್ರಾತೃ'ವಿನಲ್ಲಿ ಸ್ವರ ತಕಾರಕ್ಕಿಂತ ಮುಂಚೆ ಇತ್ತು, 'ಪಿತೃ'ವಿನಲ್ಲಿ ನಂತರ. ಇದಕ್ಕೂ ಅದಕ್ಕೂ ಸಂಬಂಧ ಇರಬಹುದೇ? ಅಷ್ಟರಲ್ಲಿ ನಿದ್ದೆ ಬಂದೇಬಿಟ್ಟಿತು. ಎದ್ದಾಗ ಪ್ರಶ್ನೆ ತಲೆಯಲ್ಲೇ ಕೂತಿತ್ತು. ಒಂದೊಂದು ಅಪವಾದವನ್ನೂ ಹಿಡಿದು ಪರೀಕ್ಷಿಸಿದ. ಹಿಂಡು ಹಿಂಡಾಗಿ ಅವು ಸಾಲಿಗೆ ಬಂದು ನಿಂತವು. ವೇದಪಾಠಿಗಳು ತಲೆಮಾರುಗಳಿಂದ ಬಾಯಲ್ಲಿ ಕಾಪಾಡಿಕೊಂಡು ಬಂದ ಸ್ವರವೇ ಜರ್ಮನ್ ವ್ಯಂಜನಗಳ ಗುಟ್ಟನ್ನು ಹೇಳುತ್ತಿತ್ತು. ವೆರ್ನರ್‌ನ ಲೇಖನ 1877ರಲ್ಲಿ ಅಚ್ಚಾದಾಗ ಭಾಷಾಶಾಸ್ತ್ರದ ಲೋಕ ಮೂಗಿನ ಮೇಲೆ ಬೆರಳಿಟ್ಟಿತು.

ಆ ಬೆಳಕು 'ಲೀವ್' ಮೇಲೂ ಬಿತ್ತು. ಸಂಸ್ಕೃತದಲ್ಲಿ 'ಮಾಡಿಸು' ಎಂಬ ಅರ್ಥದ ಪ್ರೇರಣಾರ್ಥಕ ಕ್ರಿಯಾಪದಗಳಲ್ಲಿ ಸ್ವರ ಧಾತುವಿನ ಮೇಲಲ್ಲ, ಅದರ ಮುಂದಿನ ಪ್ರತ್ಯಯದ ಮೇಲೆ ಬೀಳುತ್ತದೆ. ಲ್ಯಾಫನ್ ಕೂಡ ಅದೇ ಅಚ್ಚಿನ ಪದ. ಹಾಗಾಗಿ ಅದರ ಹಳೆಯ ರೂಪದಲ್ಲಿ ಫಕಾರವಿರದೆ ಬಕಾರ ಇದ್ದದ್ದು ಅಪವಾದವಲ್ಲ, ನಿಯಮವೇ. ಬಕಾರದ ಹಿಂದೆ ಹುಟ್ಟಾ ಪಕಾರವನ್ನು ಹುಡುಕಲು ಈಗ ಬಾಗಿಲು ತೆರೆದಿತ್ತು.

ಆಕ್ಸ್‌ಫರ್ಡಿನ ಮೇಜಿನ ಮೇಲೆ ಚೀಟಿಗಳ ವಿಂಗಡಣೆ ಇನ್ನೊಂದು ಬದಿಯಿಂದ ನಡೆಯುತ್ತಿತ್ತು. ನಿಘಂಟಿನ ಕಟ್ಟುನಿಟ್ಟಾದ ಪದ್ಧತಿ ಒಂದೇ: ಹಳೆಯ ಸಾಕ್ಷ್ಯ ಮೊದಲು, ಹೊಸದು ಆಮೇಲೆ. ಅರ್ಥವನ್ನು ಸಂಪಾದಕ ಊಹಿಸುವಂತಿಲ್ಲ, ಚೀಟಿಗಳೇ ಹೇಳಬೇಕು. ಮೊದಲಿಗೆ ರಜೆಯ 'ಲೀವ್' ಬೇರೆಯೇ ಗುಡ್ಡೆಯಾಗಿ ದೂರ ಸರಿಯಿತು. ಹಳೆಯ ಇಂಗ್ಲಿಷಿನಲ್ಲಿ ಅದರ ಸ್ವರಾಕ್ಷರವೇ ಬೇರೆ, ಕುಟುಂಬವೇ ಬೇರೆ. ಅದರ ಅರ್ಥ ಅನುಮತಿ. ಅದರ ಬಂಧುಗಳು 'ಲವ್', 'ಬಿಲೀವ್', ರಜೆ ಎನ್ನಲು ಜರ್ಮನರು ಬಳಸುವ 'ಉರ್‌ಲಾಬ್', ಸಂಸ್ಕೃತದ 'ಲೋಭ'. ಪ್ರೀತಿಯಿಂದ ಒಪ್ಪಿದ್ದು ಅಪ್ಪಣೆಯಾಯಿತು, ಹೊರಡಲು ಕೊಟ್ಟ ಅಪ್ಪಣೆ ರಜೆಯಾಯಿತು. ಶಾಲೆಯ ಮಕ್ಕಳು ಬರೆಯುವ 'ಲೀವ್ ಲೆಟರ್' ಈ ಎರಡನೆಯ ಲೀವ್‌ನ ವಂಶದ್ದು. 'ಅಪ್ಪಣೆ ಕೊಡಿ, ಹೋಗಿ ಬರ್ತೀನಿ' ಎಂದು ಬೀಳ್ಕೊಳ್ಳುವ ನಾಡಿನವರಿಗೆ ಅಪ್ಪಣೆಗೂ ಹೊರಡುವುದಕ್ಕೂ ಇರುವ ಈ ನಂಟು ಹೊಸದೇನಲ್ಲ. ಸದ್ದಿನಲ್ಲಿ ಒಂದಾಗಿಹೋದ ಎರಡು ಪದಗಳು ಶತಮಾನಗಳ ಕಾಲ ಅವಳಿಗಳಂತೆ ನಟಿಸಿದ್ದವು.

ಉಳಿದ ಗುಡ್ಡೆಯಲ್ಲಿ ಅತಿ ಹಳೆಯ ಚೀಟಿಗಳು ವಿಸ್ಮಯ ತಂದವು. ಅವುಗಳಲ್ಲಿ ಯಾರೂ ಎಲ್ಲಿಗೂ ಹೊರಟಿರಲಿಲ್ಲ. ಸತ್ತವನು ಮಕ್ಕಳನ್ನು, ಹೊಲವನ್ನು ಉಳಿಸಿಹೋಗುವುದು, ಊಟದ ತಟ್ಟೆಯಲ್ಲಿ ಮಿಕ್ಕದ್ದು, ದಾಳಿಯ ನಂತರ ಬದುಕುಳಿದವರು, ಇವೇ ಕಂಡವು. ಅದೇ ಬೇರಿನ 'ಲಾಫ್' ಎಂಬ ನಾಮಪದಕ್ಕೆ ಉಳಿಕೆ ಎಂಬ ಅರ್ಥದ ಜೊತೆಗೆ ವಿಧವೆ ಎಂಬ ಅರ್ಥವೂ ಇತ್ತು. ಗಂಡ ಹೋದ ಮೇಲೆ ಉಳಿದವಳು. ಸ್ಥಳ ಬಿಟ್ಟು ಹೊರಡುವ 'ಲೀವ್' ಸ್ಪಷ್ಟವಾಗಿ ತಲೆ ಎತ್ತಿದ್ದು ಹದಿಮೂರನೆಯ ಶತಮಾನದ ಹೊತ್ತಿಗೆ. ಬ್ರಾಡ್ಲಿ ಹತ್ತು ವರ್ಷದ ಹಿಂದೆ 'ಇ' ಅಕ್ಷರದಲ್ಲಿ ಹಾದುಬಂದ 'ಇಲೆವೆನ್' ಪದದ ಉತ್ತರಾರ್ಧವೂ 'ಉಳಿದದ್ದು' ಎಂಬ ಅರ್ಥವನ್ನೇ ಹೊತ್ತಿತ್ತು. ಹತ್ತು ಎಣಿಸಿದ ಮೇಲೆ ಒಂದು ಉಳಿಯಿತು, ಅದು ಹನ್ನೊಂದು.

'ಎಲ್' ವಿಭಾಗ 1901ರಿಂದ 1903ರ ನಡುವೆ ಕಂತುಕಂತಾಗಿ ಅಚ್ಚಿನಿಂದ ಹೊರಬಂತು. ಧ್ವನಿಯ ಜಾಡೂ ಚೀಟಿಗಳ ಜಾಡೂ ಬಂದು ಕೂಡಿದ್ದು ಒಂದು ಧಾತುವಿನ ಬಳಿ. ಅದು ಸಂಸ್ಕೃತದ 'ಲಿಪ್', ಅಂದರೆ ಮೆತ್ತು, ಅಂಟು. ಗ್ರೀಕಿನಲ್ಲಿ 'ಲಿಪೊಸ್' ಎಂದರೆ ಜಿಡ್ಡು, ಕೊಬ್ಬು. ಗೋಡೆಗೆ ಬಳಿದ ಲೇಪ, ಕೈಗೆ ಮೆತ್ತಿದ ಜಿಡ್ಡು, ಇದೇ ಮೂಲ. ಅಂಟಿದ್ದು ಕದಲದೆ ಉಳಿಯುತ್ತದೆ, ಹಾಗಾಗಿ ಅಂಟು ಎಂಬುದು ಉಳಿ ಎಂದಾಯಿತು. ಬ್ಲೈಬೆನ್ ಅಲ್ಲೇ ನಿಂತಿತು. ಉಳಿದಿರುವುದೇ ಬದುಕು, 'ಲೈಫ್' ಕೂಡ ಆ ಬಳಗಕ್ಕೇ ಸೇರಿತು. ಪ್ರೇರಣಾರ್ಥಕವಾದಾಗ ಉಳಿ ಎಂಬುದು ಉಳಿಸು ಎಂದಾಯಿತು, ಅದು ಲೀವ್. ತಾನು ಮುಂದೆ ಹೋಗದೆ ಯಾರೂ ಏನನ್ನೂ ಹಿಂದೆ ಉಳಿಸಲಾರರು. ಹಡಗು ಹತ್ತಿದವನು ಊರನ್ನು ದಡದಲ್ಲಿ ಉಳಿಸಿದ, ಊರನ್ನು ಬಿಟ್ಟ, ಹೊರಟ. ಘಟನೆ ಒಂದೇ. ದಡದಿಂದ ನೋಡುವವರ ಕಣ್ಣಿಗೆ ಅದು ಉಳಿಯುವುದಾಗಿತ್ತು, ಹಡಗಿನ ಮೇಲಿನವನ ಕಣ್ಣಿಗೆ ಹೋಗುವುದಾಯಿತು. ಪದ ಮೆಲ್ಲಗೆ ದಡದಿಂದ ಹಡಗಿಗೆ ಹತ್ತಿತ್ತು, ಅಷ್ಟೇ. 'ಬಿಡು' ಎಂಬ ಒಂದೇ ಮಾತಿನಲ್ಲಿ ಊರು ಬಿಡುವುದನ್ನೂ, ಪುಸ್ತಕ ಮನೆಯಲ್ಲಿ ಬಿಟ್ಟು ಬರುವುದನ್ನೂ, ಬಸ್ಸು ಬಿಡುವುದನ್ನೂ ಹೇಳುವ ಕನ್ನಡಕ್ಕೆ ಈ ಪಯಣ ಅಪರಿಚಿತವಲ್ಲ.

ಜೇಮ್ಸ್ ಮರೆ 1915ರಲ್ಲಿ 'ಟಿ' ಅಕ್ಷರದ ನಡುವೆ ತೀರಿಕೊಂಡರು. ಪ್ರಧಾನ ಸಂಪಾದಕರಾದ ಬ್ರಾಡ್ಲಿ 1923ರಲ್ಲಿ ಹೋದರು. ಹತ್ತು ವರ್ಷವೆಂದು ಹೊರಟ ನಿಘಂಟು 1928ರಲ್ಲಿ ಮುಗಿದಾಗ ಅದರಲ್ಲಿ 4,14,825 ಪದಗಳಿದ್ದವು. ಕೆಲಸಕ್ಕೆ ಕೈ ಹಚ್ಚಿದ ಮೇಷ್ಟರಾಗಲಿ, ತಲೆಕೆಳಗಾಗಿ ಓದಲು ಕಲಿತ ಗುಮಾಸ್ತರಾಗಲಿ ಆ ದಿನವನ್ನು ನೋಡಲಿಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳು ಮಾತ್ರ ಕಳೆಯುವ ಲೆಕ್ಕ ಮಾಡಿ 'ಥ್ರೀ ಲೆಫ್ಟ್' ಎಂದು ಪ್ರತಿ ತರಗತಿಯಲ್ಲೂ ಹೇಳುತ್ತಲೇ ಬಂದರು. ಸಾವಿರ ವರ್ಷ ಹಿಂದಿನ, ಯಾರೂ ಎಲ್ಲಿಗೂ ಹೊರಡದ ಆ ಮೊದಲ ಅರ್ಥ ಅವರ ಬಾಯಲ್ಲಿ ಹಾಗೆಯೇ ಅಂಟಿಕೊಂಡಿತ್ತು.